ಉರುಫ್ ಸೀತಮ್ಮ

ಸೊಸೆಗೆ ಸತ್ತ ಅತ್ತೆಯ ಹೆಸರಿಟ್ಟರೆ ಎಂಥ ಫಜೀತಿ ಆಗುತ್ತದೆ ಅನ್ನುವುದನ್ನು ಗೌರಮ್ಮನವರನ್ನು ಕೇಳಬೇಕು. ಮೂರು ವರ್ಷದ ಹಿಂದೆ ಅವರ ಮಗ ಸೀನು ಹೆಂಡತಿಯನ್ನು ಮನೆ ತುಂಬಿಸಿಕೊಂಡ. ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಹುಡುಗಿಗೆ ಹೊಸ ಹೆಸರು ಬರೆಯುವ ಹೊತ್ತು ಬಂತು. ಗೌರಮ್ಮನವರ ಯಜಮಾನರು ಶಾಮಣ್ಣನವರು ಯಾರನ್ನೂ ಒಂದು ಮಾತು ಕೇಳಲಿಲ್ಲ. “ಸೀತಮ್ಮ ಅಂತ ಬರಿಯೋ” ಅಂದುಬಿಟ್ಟರು. ಸೀತಮ್ಮ ಅಂದರೆ ಅವರ ತಾಯಿ, ತೀರಿಕೊಂಡು ಆಗಿನ್ನೂ ಎರಡು ವರ್ಷ. ಸೀನು ಬರೆದ, ಎಲ್ಲರೂ ಹೋಳಿಗೆ ತಿಂದರು. ಆಮೇಲೆ ನೋಡಿದರೆ ಆ ಹೆಸರು ಹಿಡಿದು ಕರೆಯುವವರೇ ಮನೆಯಲ್ಲಿಲ್ಲ!

ಗೌರಮ್ಮನವರು ಅತ್ತೆಯ ಹೆಸರನ್ನು ಬಾಯಲ್ಲಿ ಆಡುವ ಹಾಗಿಲ್ಲ. ಶಾಮಣ್ಣನವರಿಗೆ ಹೆತ್ತ ತಾಯಿಯ ಹೆಸರು ಹಿಡಿದು ‘ಕಾಫಿ ತಾ’ ಅನ್ನಲು ನಾಲಿಗೆ ಏಳದು. ಸೀನು ಅಜ್ಜಿಯ ಮಡಿಲಲ್ಲೇ ಬೆಳೆದವನು, ಹೆಂಡತಿಯನ್ನು ಸೀತಮ್ಮಾ ಅಂತ ಕೂಗುವುದು ಹೇಗೆ? ಹೀಗಾಗಿ ಮಾವ “ಏನಮ್ಮಾ” ಅನ್ನುವರು, ಅತ್ತೆ “ಇವಳೇ” ಅನ್ನುವರು, ಗಂಡ “ಏ, ಇಲ್ನೋಡು” ಅನ್ನುವನು. ಹುಡುಗಿ ಮೂರಕ್ಕೂ ಓಗೊಡುವಳು. ತುಮಕೂರಿನ ಹೆಡ್‌ಮಾಸ್ತರರ ಮಗಳಾಗಿ, ಬಿ.ಎ. ಪಾಸು ಮಾಡಿದಾಗ ಅವಳ ಹೆಸರು ವಿಮಲಾ. ಆ ಹೆಸರು ತುಮಕೂರಲ್ಲೇ ಉಳಿಯಿತು.

ಗೌರಮ್ಮನವರೂ ತವರಿನಲ್ಲಿ ಗೌರಮ್ಮ ಆಗಿರಲಿಲ್ಲ. ತುಂಗಾ ಆಗಿದ್ದರು. ತುಂಗಾ ಅನ್ನುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಹೋದರು. ಆ ಮಾತು ಅತ್ತ ಇರಲಿ.

ಅರವತ್ತೈದನೇ ಇಸವಿ, ಮೇ ತಿಂಗಳು. ಜಯನಗರದ ಮೂರನೇ ಬ್ಲಾಕಿನ ಆ ಮನೆಯ ಹಿಂದಿನ ಜಗಲಿಯಲ್ಲಿ ಅತ್ತೆ ಸೊಸೆ ಇಬ್ಬರೂ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತ ಕೂತಿದ್ದರು. ವಿಮಲಾ ಈಳಿಗೆಮಣೆಯಿಂದ ಕಣ್ಣು ತೆಗೆಯದೆ ಹೇಳಿದಳು.

“ಅಮ್ಮ, ನಾನು ಲಾ ಕಾಲೇಜಿಗೆ ಅರ್ಜಿ ಹಾಕ್ಬೇಕು ಅಂತಿದೀನಿ.”

ಗೌರಮ್ಮನವರ ಕೈಯಿಂದ ಓಟೆ ಜಾರಿ ಅಂಗಳಕ್ಕೆ ಹೋಯಿತು. “ಯಾರಿಗೆ? ಸೀನೂಗಾ? ಅವನು ಎರಡು ಸಲ ಡುಮ್ಕಿ ಹೊಡೆದಿದ್ದು ಸಾಲದಾ?”

“ಅವರಿಗಲ್ಲ. ನನಗೆ.”

ಸೀನು ಅಕೌಂಟೆಂಟ್ ಜನರಲ್ ಆಫೀಸಿನಲ್ಲಿ ಗುಮಾಸ್ತ. ಅಪ್ಪನ ಬಲವಂತಕ್ಕೆ ಲಾ ಸೇರಿ, ಮೊದಲನೇ ವರ್ಷದಲ್ಲೇ ಎರಡು ಸಲ ಫೇಲಾಗಿ, ಪುಸ್ತಕಗಳನ್ನು ಅಟ್ಟಕ್ಕೆ ಎಸೆದಿದ್ದ. ಅವನ್ನು ಇಳಿಸಿ, ಧೂಳು ಕೊಡವಿ, ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿನಲ್ಲಿ ಓದುತ್ತಿದ್ದವಳು ವಿಮಲಾ. ಗೌರಮ್ಮನವರಿಗೆ ಗೊತ್ತಿತ್ತು. ಓದಿಕೊಳ್ಳಲಿ, ಮಕ್ಕಳಿಲ್ಲದ ಹುಡುಗಿಗೆ ಹೊತ್ತು ಹೋಗಬೇಕಲ್ಲ ಎಂದು ಸುಮ್ಮನಿದ್ದರು.

“ಅಡುಗೆ ಯಾರು ಮಾಡ್ತಾರೆ?” ಅಂದರು.

“ಕ್ಲಾಸು ಬೆಳಿಗ್ಗೆ ಏಳೂವರೆಯಿಂದ ಹತ್ತೂವರೆ. ನಾಲ್ಕಕ್ಕೆ ಎದ್ದು ಎಲ್ಲಾ ಮಾಡಿಟ್ಟು ಹೋಗ್ತೀನಿ. ಮುಕ್ಕಾಲು ಪಾಲು ಹಾಜರಿ ಇರಲೇಬೇಕಂತೆ, ಇಲ್ದಿದ್ರೆ ಪರೀಕ್ಷೆಗೆ ಕೂರಿಸಲ್ಲ. ಆ ಕಾಲೇಜಲ್ಲಿ ಇನ್ನೊಂದು ನಿಯಮ ಇದೆ ಅಮ್ಮ. ಬಿ.ಎ. ಮುಗಿಸಿ ಐದು ವರ್ಷ ದಾಟಿದ್ರೆ ಅರ್ಜೀನೇ ತಗೊಳ್ಳಲ್ಲ. ನನಗೆ ಇದೇ ಕಡೇ ವರ್ಷ.”

“ಎಲ್ಲಾ ವಿಚಾರಿಸ್ಕೊಂಡೇ ಬಂದಿದೀಯ ಅನ್ನು.”

“ಫೀಸಿಗೆ ಬೊಂಬಾಯಿಂದ ಅಣ್ಣ ಕಳಿಸ್ತಾನೆ. ಮಾವನ ಹತ್ರ ನೀವೇ ಒಂದು ಮಾತು ಹೇಳಿ.”

“ನನ್ನನ್ನ ಬಿಟ್ಟುಬಿಡು ತಾಯಿ! ನಾನು ಹೇಳಲ್ಲ,” ಅಂದರು ಗೌರಮ್ಮ. ಆದರೆ ಆ ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದವರು ಅವರೇ.

ಶಾಮಣ್ಣನವರು ಕೋರ್ಟಿನ ಶಿರಸ್ತೇದಾರರಾಗಿ ನಿವೃತ್ತರಾದವರು. ಮೂವತ್ತು ವರ್ಷ ಜಡ್ಜಿಯ ಪೀಠದ ಕೆಳಗೆ ನಿಂತು ಕಡತ ಎತ್ತಿ ಕೊಟ್ಟವರು. ನೆಟ್ಟಗೆ ಅರ್ಜಿ ಬರೆಯಲು ಬಾರದ ವಕೀಲರಿಗೂ ‘ಸ್ವಾಮೀ’ ಅಂದವರು. ಮಗ ಕರಿ ಕೋಟು ಹಾಕಿಕೊಂಡು ಆ ಬಾಗಿಲಲ್ಲಿ ಒಳಗೆ ಬರುವುದನ್ನು ನೋಡಬೇಕೆಂಬುದೊಂದೇ ಅವರ ಆಸೆ. ಮಗ ಅದನ್ನು ಮಣ್ಣುಪಾಲು ಮಾಡಿದ್ದ. ದಿನಾ ಊಟಕ್ಕೆ ಕೂತಾಗ ಅವನನ್ನು ಒಂದು ಸಲ ಹಂಗಿಸದಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

ಹೆಂಡತಿಯ ಮಾತು ಕೇಳಿ ಅವರು ಕೋಪಿಸಿಕೊಳ್ಳಲಿಲ್ಲ, ನಕ್ಕರು. “ಚೆನ್ನಾಗಿದೆ. ಶಿರಸ್ತೇದಾರರ ಮಗ ಎರಡು ಸಲ ಡುಮ್ಕಿ, ಸೊಸೆ ವಕೀಲೆ! ಊರೋರೆಲ್ಲ ನನಗೆ ಆರತಿ ಎತ್ತುತ್ತಾರೆ.”

“ಓದಿದ್ರೆ ಏನಪ್ಪಾ ತಪ್ಪು?” ಸೀನು ಗೊಣಗಿದ.

“ನೀನು ಒಪ್ಪಿದೀಯೇನೋ?”

ಸೀನು ಹುಳಿಯಲ್ಲಿ ಏನನ್ನೋ ಹುಡುಕುತ್ತ, “ನೀವು ಒಪ್ಪಿದ್ರೆ ನಂದೇನು ಅಡ್ಡಿ ಇಲ್ಲ,” ಅಂದ.

“ನಾನು ಒಪ್ಪಲ್ಲ.”

“ಸರಿ ಹಾಗಾದ್ರೆ,” ಅಂದ ಸೀನು. ಬಾಗಿಲ ಹಿಂದೆ ಮಜ್ಜಿಗೆ ಪಾತ್ರೆ ಹಿಡಿದು ನಿಂತಿದ್ದ ವಿಮಲಾಗೆ ಎಲ್ಲಾ ಕೇಳಿಸಿತು. ಅವಳು ಬಂದು ಇಬ್ಬರಿಗೂ ಮಜ್ಜಿಗೆ ಬಡಿಸಿ ಹೋದಳು.

ಆದರೂ ಅವಳು ಜೂನ್ ಮೊದಲ ವಾರ ಕಾಲೇಜಿಗೆ ಹೋಗಿ ಅರ್ಜಿಯ ಫಾರಂ ತಂದಳು. ಮಾರ್ಕ್ಸ್ ಕಾರ್ಡು, ಡಿಗ್ರಿ ಸರ್ಟಿಫಿಕೇಟು, ಹಳೆಯ ಕಾಲೇಜಿನ ವರ್ಗಾವಣೆ ಪತ್ರ, ಇಬ್ಬರು ಗಣ್ಯರಿಂದ ಸನ್ನಡತೆಯ ಪತ್ರ, ಎಲ್ಲವನ್ನೂ ಜೋಡಿಸಿದಳು. ಊರಿನಲ್ಲಿ ವಾಸವಿದ್ದಾಳೆ ಅನ್ನುವುದಕ್ಕೆ ರೇಷನ್ ಕಾರ್ಡು ತೋರಿಸಬೇಕಿತ್ತು. ಅಲ್ಲಿ ಸಿಕ್ಕಿತು ನೋಡಿ ಗಂಟು. ಕಾಲೇಜಿನ ಗುಮಾಸ್ತ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ಕೇಳಿದನಂತೆ: “ಈ ಮನೇಲಿ ವಿಮಲಾ ಅನ್ನೋರೇ ಇಲ್ವಲ್ಲಮ್ಮ. ಸೀತಮ್ಮ ಅಂತ ಇದೆ. ಅವರು ಯಾರು?”

“ನಾನೇ ಸಾರ್.”

“ಹಾಗಂತ ಯಾರು ಹೇಳ್ತಾರೆ? ಗಂಡನ ಮನೆಯ ಹಿರಿಯರೊಬ್ಬರು ಅಫಿಡವಿಟ್ ಮಾಡಿಕೊಡ್ಲಿ. ‘ವಿಮಲಾ ಉರುಫ್ ಸೀತಮ್ಮ, ಇಬ್ಬರೂ ಒಬ್ಬಳೇ’ ಅಂತ. ಹದಿನೆಂಟನೇ ತಾರೀಕು ಕಡೇ ದಿನ.”

ಒಂದೇ ಒಂದು ವಾಕ್ಯ. ಇಂಥ ಸಾವಿರ ಅಫಿಡವಿಟ್ಟುಗಳನ್ನು ಶಾಮಣ್ಣನವರು ಕಣ್ಣು ಮುಚ್ಚಿಕೊಂಡು ಬರೆಸಿದ್ದರು. ವಿಮಲಾ ಛಾಪಾ ಕಾಗದ ತಂದು, ತಾನೇ ಒಕ್ಕಣೆ ಬರೆದು, ಅವರ ಈಸಿಚೇರಿನ ಪಕ್ಕ ನಿಂತಳು.

ಅವರು ಕನ್ನಡಕ ಹಾಕಿಕೊಂಡು ಓದಿದರು. ಪೆನ್ಸಿಲಿನಿಂದ ಎರಡು ತಪ್ಪು ತಿದ್ದಿದರು. ಆಮೇಲೆ ಕಾಗದ ವಾಪಸು ಕೊಟ್ಟರು.

“ಒಕ್ಕಣೆ ಚೆನ್ನಾಗಿದೆ. ನಾನು ರುಜು ಹಾಕಲ್ಲ.”

“ಯಾಕೆ ಮಾವ? ಇದ್ರಲ್ಲಿ ಸುಳ್ಳೇನೂ ಇಲ್ವಲ್ಲ.”

“ಈ ಮನೇಗೆ ಬಂದ ಮೇಲೆ ವಿಮಲಾ ಅನ್ನೋಳು ಮುಗಿದ್ಲು. ಇಲ್ಲಿರೋದು ಸೀತಮ್ಮ ಒಬ್ಳೇ. ನಮ್ಮಮ್ಮನ ಹೆಸರಿನ ಮುಂದೆ ಉರುಫ್ ಹಾಕ್ತೀಯ? ಕಳ್ಳರು ಖದೀಮರಿಗೆ ಇರೋದಮ್ಮ ಉರುಫು!”

ಗೌರಮ್ಮನವರು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ರೇಷನ್ ಅಕ್ಕಿಯ ಕಲ್ಲು ಆರಿಸುತ್ತಿದ್ದರು. ಮಧ್ಯೆ ಬಾಯಿ ಹಾಕಿದರು. “ಅಷ್ಟು ಕೇಳ್ತಿದಾಳೆ, ಒಂದು ರುಜು ಹಾಕಿದ್ರೆ ಏನು ಗಂಟು ಹೋಗುತ್ತೆ?”

“ನಿನಗ್ಯಾಕೇ ಇದೆಲ್ಲ?”

“ಯಾಕೆ ಅಂದ್ರೆ? ಹೆಸರು ಬರೆಸೋವಾಗ ತಟ್ಟೆ ಹಿಡ್ಕೊಂಡಿದ್ದೋಳು ನಾನು. ನಾನೇ ಹೇಳ್ತೀನಿ ಬೇಕಾದ್ರೆ.”

ಶಾಮಣ್ಣನವರು ಹಾ ಹಾ ಎಂದು ನಕ್ಕರು. “ನೀನು? ಕೋರ್ಟಿಗೆ ಹೋಗಿ ಸಾಕ್ಷಿ ಹೇಳ್ತೀಯ? ಗಂಡನ ಹೆಸರು ಕೇಳಿದ್ರೆ ಸೆರಗು ಬಾಯಿಗೆ ತುರುಕ್ಕೊಳ್ಳೋಳು ನೀನು. ನಿನ್ನ ಮಾತಿಗೆ ಯಾವ ಕಚೇರೀಲಿ ಏನೇ ಬೆಲೆ ಇದೆ? ಸುಮ್ನೆ ಅಕ್ಕಿ ಆರಿಸು.”

ಆ ಮಾತು ನಾಟಿತು. ಗೌರಮ್ಮನವರಿಗೆ ಸೊಸೆಯ ಲಾ ಓದು ಬೇಕಿತ್ತು ಅಂತೇನಲ್ಲ. ನಿಜ ಹೇಳಬೇಕೆಂದರೆ ಬೇಡವೇ ಆಗಿತ್ತು. ನಾಲ್ಕು ಗಂಟೆಗೆ ಏಳುತ್ತೇನೆಂದರೂ ಎಷ್ಟು ದಿನ ಏಳುತ್ತಾಳೆ ಅನ್ನುವ ಅನುಮಾನ ಅವರಿಗಿತ್ತು. ಆದರೆ ಮೂವತ್ತಾರು ವರ್ಷ ಈ ಮನುಷ್ಯನ ಪಂಚೆ ಒಗೆದು, ಎಲೆ ಎತ್ತಿ, ತಾಯಿಯ ಹೇಲು ಉಚ್ಚೆ ಬಳಿದು, ಕೊನೆಗೆ ತನ್ನ ಮಾತಿಗೆ ಬೆಲೆ ಇಲ್ಲ ಅನ್ನಿಸಿಕೊಳ್ಳುವುದೆಂದರೆ ಹೊಟ್ಟೆ ಉರಿದುಹೋಯಿತು. ಮಾರನೇ ದಿನ ಶಾಮಣ್ಣನವರು ಯಡಿಯೂರು ಕೆರೆಯ ಕಡೆ ವಾಕಿಂಗಿಗೆ ಹೊರಟಿದ್ದೇ ತಡ, ಗೌರಮ್ಮ ಸೀರೆ ಬದಲಾಯಿಸಿ ಬಂದರು.

“ನಡಿಯೇ ಇವಳೇ. ಆ ಕಾಗದಾನ ನನ್ನ ಹೆಸರಿಗೆ ತಿದ್ದಿ ತಗೋ.”

ಇಬ್ಬರೂ ಬಸ್ಸು ಹತ್ತಿದರು. ಕೋರ್ಟಿನ ಆವರಣದ ಹುಣಸೇಮರದ ಕೆಳಗೆ ಓತ್ ಕಮಿಷನರ್ ಪರಮಶಿವಯ್ಯ ಮೇಜು ಹಾಕಿಕೊಂಡು ಕೂತಿದ್ದರು. ಸುತ್ತ ಗುಮಾಸ್ತರು, ಬಿಲ್ಲೆ ಜವಾನರು, ಕಕ್ಷಿಗಾರರು. ಇಷ್ಟೊಂದು ಗಂಡಸರ ನಡುವೆ ಗೌರಮ್ಮನವರು ಎಂದೂ ನಿಂತವರಲ್ಲ.

“ಪ್ರಮಾಣ ಮಾಡೋರು ಯಾರು? ನೀವಾ ತಾಯಿ? ಹೆಸರು?”

“ಗೌರಮ್ಮ.”

“ಯಜಮಾನರ ಹೆಸರು?”

ಗೌರಮ್ಮನವರು ಸೊಸೆಯ ಮುಖ ನೋಡಿದರು. ವಿಮಲಾ ಬಾಯಿ ತೆರೆದಳು.

“ನೀವು ಹೇಳೋ ಹಾಗಿಲ್ಲಮ್ಮ,” ಪರಮಶಿವಯ್ಯ ತಡೆದರು. “ಪ್ರಮಾಣ ಯಾರದೋ ಅವರ ಬಾಯಲ್ಲೇ ಬರಬೇಕು. ಹೇಳಿ ತಾಯಿ, ಹೊತ್ತಾಗ್ತಿದೆ.”

ಬೆನ್ನ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆ ನಗು ಕೇಳಿ ಗೌರಮ್ಮನವರಿಗೆ ನಿನ್ನೆಯ ನಗು ಕಿವಿಗೆ ಬಿದ್ದ ಹಾಗಾಯಿತು.

“ಶಾಮಣ್ಣ!” ಅಂದರು. ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿ ಬಂತು.

“ಯಾರು, ಶಿರಸ್ತೇದಾರ್ ಶಾಮಣ್ಣನೋರಾ?” ಮುದಿ ಜವಾನನೊಬ್ಬ ಕತ್ತು ತಿರುಗಿಸಿದ. ನಾಲ್ಕಾರು ತಲೆಗಳು ತಿರುಗಿದವು.

“ಈ ಹೆಣ್ಣುಮಗಳು ಯಾರು?”

“ನನ್ನ ಸೊಸೆ. ಹುಟ್ಟಿದ ಮನೇಲಿ ವಿಮಲಾ. ನಮ್ಮನೇಲಿ...” ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಸೀತಮ್ಮ. ಇಬ್ಬರೂ ಒಬ್ಬಳೇ. ದೇವರಾಣೆ.”

ರುಜು ಹಾಕಿದರು. ಕೋರ್ಟಿನ ಗೇಟು ದಾಟಿದರು. ವಿಮಲಾ ಅವರ ಕೈ ಹಿಡಿದುಕೊಂಡು ಜನರೆಲ್ಲ ನೋಡುತ್ತಿದ್ದ ಹಾಗೆಯೇ ಅತ್ತುಬಿಟ್ಟಳು. “ಅಮ್ಮ, ನೀವು ಮಾಡಿದ್ದು ನಮ್ಮಮ್ಮನೂ ಮಾಡ್ತಿರಲಿಲ್ಲ,” ಅಂದಳು. ಇಬ್ಬರೂ ಕಾಲೇಜಿಗೆ ಹೋಗಿ ಅರ್ಜಿ ಕೊಟ್ಟು ಬಂದರು. ಸಂದರ್ಶನಕ್ಕೆ ಕಾಗದ ಬರುತ್ತದೆ, ಆ ದಿನ ಬರದವರ ಸೀಟು ಮುಂದಿನವರಿಗೆ ಹೋಗುತ್ತದೆ ಎಂದ ಗುಮಾಸ್ತ. ಗೌರಮ್ಮನವರಿಗೆ ಆ ಸಂಜೆ ತಾನು ಇನ್ನೂ ಬದುಕಿದ್ದೇನೆ ಅನ್ನಿಸಿತು. ಬಹಳ ಸಂತೋಷವಾಯಿತು.

ಆ ಸಂತೋಷ ಎರಡು ದಿನ ಇತ್ತು. ಮೂರನೇ ದಿನ ಸುದ್ದಿ ಯಡಿಯೂರು ಕೆರೆಯ ಏರಿಯ ಮೇಲೆ ಶಾಮಣ್ಣನವರಿಗೆ ಸಿಕ್ಕಿತು. ಬಂದವರೇ ಚಪ್ಪಲಿ ಬಿಡದೆ ನಡುಮನೆಗೆ ನುಗ್ಗಿದರು.

“ಕೋರ್ಟಿನಲ್ಲಿ ನಿಂತು ನನ್ನ ಹೆಸರು ಕೂಗಿದೆಯಂತೆ? ಜವಾನರು ಹಲ್ಲು ಕಿಸೀತಿದ್ರಂತೆ?”

“ಕೇಳಿದ್ರು, ಹೇಳ್ದೆ.”

“ನಮ್ಮಮ್ಮನ ಹೆಸರನ್ನೂ ಹೇಳಿದೆಯಾ?”

“ಹೇಳ್ದೆ.”

ಅವರು ಮತ್ತೇನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ಅಂದಿನಿಂದ ಹೆಂಡತಿಯ ಜೊತೆ ಮಾತು ನಿಲ್ಲಿಸಿದರು. ಬೆಳಗಿನ ಕಾಫಿಗೆ ಗಾಂಧಿ ಬಜಾರಿನ ಹೋಟೆಲಿಗೆ ನಡೆದರು. ಊಟಕ್ಕೆ ಕೂತರೆ ಗೌರಮ್ಮ ಬಡಿಸಿದ್ದನ್ನು ಮುಟ್ಟರು, ಸೀನು ಎದ್ದು ಬಡಿಸಬೇಕು. ಸ್ನಾನಕ್ಕೆ ನೀರು ಕಾದಿದೆಯಾ ಅನ್ನುವುದನ್ನೂ ಗೋಡೆಗೆ ಕೇಳುವರು. ಸೀನು ಮಧ್ಯೆ ಸಿಕ್ಕಿ ಹೈರಾಣಾದ.

“ನಿಮ್ಮಿಬ್ಬರಿಂದ ನನಗೆ ಈ ಕರ್ಮ,” ಅಂದ ಹೆಂಡತಿಗೆ. “ನಾನು ಮಾಡದೇ ಇದ್ದದ್ದು ನೀನು ಮಾಡಿ ತೋರಿಸ್ಬೇಕಾ? ಮಕ್ಕಳಾಗೋದು ಬಿಟ್ಟು...”

“ಮಕ್ಕಳಾಗದೇ ಇರೋದಕ್ಕೂ ನಾನು ಓದೋದಕ್ಕೂ ಏನ್ರೀ ಸಂಬಂಧ?”

“ನೋಡು, ಈಗಲೇ ವಾದ ಮಾಡ್ತೀಯ!”

ಆಷಾಢ ಹುಟ್ಟಿತು. ಗಾಳಿಗೆ ಖಾಲಿ ಸೈಟುಗಳ ಮಣ್ಣೆಲ್ಲ ಮನೆಯೊಳಗೆ. ದಿನಕ್ಕೆ ಮೂರು ಸಲ ಗುಡಿಸಿದರೂ ಕಾಲಿಗೆ ಅಂಟುತ್ತಿತ್ತು. ಗೌರಮ್ಮನವರು ಗುಡಿಸುತ್ತ, ಒರೆಸುತ್ತ, ಒಳಗೊಳಗೇ ಸೋಲುತ್ತ ಬಂದರು. ಗಂಡ ಬೈದರೆ ತಡೆದುಕೊಳ್ಳಲು ಕಲಿತಿದ್ದರು. ತಾನು ಇಲ್ಲವೇ ಇಲ್ಲ ಅನ್ನುವ ಹಾಗೆ ಗಂಡ ನೋಡಿದರೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ಇಪ್ಪತ್ತು ದಿನ ಆಯಿತು, ಇಪ್ಪತ್ತೆರಡಾಯಿತು. ತಾನು ಹೋಗಬಾರದಿತ್ತು ಅನ್ನಿಸತೊಡಗಿತು.

ಇಪ್ಪತ್ತಮೂರನೇ ದಿನ ಬೆಳಿಗ್ಗೆ ಶಾಮಣ್ಣನವರು ಹೋಟೆಲಿಗೆ ಹೋಗಲಿಲ್ಲ. ಮಂಡಿ ನೋವು. ಮುಂದಿನ ಜಗಲಿಯ ಈಸಿಚೇರಿನಲ್ಲಿ ಕೂತು, ಪತ್ರಿಕೆಯಿಂದ ಮುಖ ಎತ್ತದೆ, “ಗೌರೀ, ಒಂದು ಲೋಟ ಕಾಫಿ ತಾ,” ಅಂದರು.

ಗೌರೀ ಅಂದರು! ಗೌರಮ್ಮನವರು ಅಡುಗೆಮನೆಗೆ ಓಡಿದರು. ಹೊಸ ಡಿಕಾಕ್ಷನ್ ಇಳಿಸಿ, ಹಾಲು ಗಟ್ಟಿಗೆ ಹಾಕಿ, ನೊರೆ ಬರಿಸಿ ತಂದುಕೊಟ್ಟರು. ಅವರು ಕುಡಿದರು. “ಸಕ್ಕರೆ ಸರಿಯಾಗಿದೆ,” ಅಂದರು. ಗೌರಮ್ಮನವರಿಗೆ ಅಳು ಬಂತು. ಜಗಲಿ ಬಿಟ್ಟು ಹೋಗಲು ಮನಸ್ಸಾಗದೆ ಮೆಟ್ಟಿಲ ಮೇಲೆ ಕೂತು, ಸಾರಕ್ಕಿಯಿಂದ ಬಂದ ದಂಟಿನ ಸೊಪ್ಪು ಬಿಡಿಸತೊಡಗಿದರು.

ವಿಮಲಾ ಆ ದಿನ ಹೊರಗೆ ಕೂತಿದ್ದಳು. ತಿಂಗಳ ಮೂರು ದಿನ ಹಿತ್ತಲಿನ ಬಚ್ಚಲ ಪಕ್ಕದ ಕೋಣೆಯಲ್ಲಿ ಚಾಪೆ, ತಟ್ಟೆ, ಲೋಟ ಇಟ್ಟುಕೊಂಡು ಇರಬೇಕು. ಮುಂದಿನ ಜಗಲಿಗೆ ಬರುವ ಹಾಗಿಲ್ಲ. ಅದು ಎರಡನೇ ದಿನ.

ಹತ್ತು ಗಂಟೆಗೆ ಗೇಟಿನ ಹತ್ತಿರ ಸೈಕಲ್ ಬೆಲ್ ಆಯಿತು. ಹಳೆಯ ಪೋಸ್ಟ್‌ಮನ್ ರಜೆಯಲ್ಲಿದ್ದ. ಬಂದವನು ಹೊಸಬ, ಸೋಮಲಿಂಗಪ್ಪ.

“ಸಾರ್, ಶ್ರೀಮತಿ ವಿಮಲಾ ಅಂತ ಇದೆ. ಬ್ರಾಕೆಟ್ ಒಳಗೆ ಏನೋ ಬರೆದು ಹೊಡೆದು ಹಾಕಿದಾರೆ. ನಂಬರ್ ನಿಮ್ಮದೇ. ಲಾ ಕಾಲೇಜಿಂದು.”

ಶಾಮಣ್ಣನವರು ಕೈ ಚಾಚಿ ಲಕೋಟೆ ತೆಗೆದುಕೊಂಡರು. ಹಿಂದೆ ಮುಂದೆ ನೋಡಿದರು. ಲೋಟ ಕೆಳಗಿಟ್ಟರು.

“ಆ ಹೆಸರಿನವರು ಈ ಮನೇಲಿ ಯಾರೂ ಇಲ್ಲಪ್ಪ.”

“ಬಾಡಿಗೆಗೆ ಏನಾದ್ರೂ...”

“ಯಾರೂ ಇಲ್ಲ ಅಂದೆನಲ್ಲ. ತಾಳು, ಬರೆದೇ ಕೊಡ್ತೀನಿ.” ಜೇಬಿನ ಪೆನ್ನು ತೆಗೆದು, ಲಕೋಟೆಯ ಮೇಲೆ ಗುಂಡಗೆ ಬರೆದರು.

ಸೋಮಲಿಂಗಪ್ಪ ಮೆಟ್ಟಿಲ ಮೇಲಿದ್ದ ಗೌರಮ್ಮನವರ ಕಡೆ ತಿರುಗಿದ. “ನಿಮಗೆ ಏನಾದ್ರೂ ಗೊತ್ತಾ ಅಮ್ಮ?”

ಶಾಮಣ್ಣನವರೂ ಹೆಂಡತಿಯ ಕಡೆ ನೋಡಿದರು. ಇಪ್ಪತ್ತಮೂರು ದಿನದ ಮೇಲೆ ಮೊದಲ ಸಲ ನೋಡಿದರು. ಗೌರಮ್ಮನವರು ತಲೆ ತಗ್ಗಿಸಿ, ಹುಳ ಹಿಡಿದ ಒಂದು ಎಲೆಯನ್ನು ಕಿತ್ತು ಪಕ್ಕಕ್ಕೆ ಹಾಕಿದರು. ಸೈಕಲ್ ಹೊರಟುಹೋಯಿತು.

“ಮಧ್ಯಾಹ್ನಕ್ಕೆ ಏನು ಮಾಡ್ತೀಯ?” ಶಾಮಣ್ಣನವರು ಕೇಳಿದರು.

“ದಂಟಿನ ಹುಳಿ,” ಅಂದರು ಗೌರಮ್ಮ.

ಹೇಳಬಹುದಿತ್ತು. ಆ ಮಧ್ಯಾಹ್ನ ಹಿತ್ತಲ ಕೋಣೆಯ ಬಾಗಿಲಲ್ಲಿ ದೂರದಿಂದ ಸೊಸೆಯ ತಟ್ಟೆಗೆ ಹುಳಿ ಹಾಕುವಾಗ ಹೇಳಬಹುದಿತ್ತು. “ಅಮ್ಮ, ಪೋಸ್ಟು ಬಂತಾ?” ಎಂದು ಅವಳೇ ಕೇಳಿದಳು. “ಏನೂ ಬಂದಿಲ್ಲ” ಅಂದರು. ನಾಳೆ ಹೇಳಿದರಾಯಿತು ಅಂದುಕೊಂಡರು. ಮಾರನೇ ದಿನ ಶಾಮಣ್ಣನವರು ಎರಡು ಸಲ ಕಾಫಿ ಕೇಳಿದರು, ಊಟದಲ್ಲಿ ಸಾರು ಹಾಕಿಸಿಕೊಂಡರು. ಹೇಳಲಾಗಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು ಎಂದು ತಮ್ಮನ್ನೇ ಬೈದುಕೊಂಡರು, ಹೇಳಲಿಲ್ಲ. ನಾಲ್ಕನೇ ದಿನ ವಿಮಲಾ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ಇನ್ನೂ ಮೂರು ದಿನ ಗೇಟಿನ ಹತ್ತಿರ ನಿಂತು ಕಾದಳು. ಆಮೇಲೆ ತಡೆಯಲಾರದೆ, ತಾನೇ ಬಸ್ಸು ಹತ್ತಿ ಹೋದಳು.

ಅಂದು ಭಾನುವಾರವಲ್ಲದಿದ್ದರೂ ಸೀನುವಿಗೆ ರಜೆ. ಅಪ್ಪ ಮಗ ಊಟಕ್ಕೆ ಕೂತಿದ್ದರು. ಗೌರಮ್ಮನವರು ತಮಗೂ ಎಲೆ ಹಾಕಿಕೊಂಡಿದ್ದರು. ಬೇಡ ಅಂದರೂ ಕೇಳದೆ ಶಾಮಣ್ಣನವರೇ, “ನೀನೂ ಕೂತ್ಕೋ, ತಣ್ಣಗಾಗುತ್ತೆ” ಅಂದಿದ್ದರು. ವಿಮಲಾ ಬಂದು, ಕೈಕಾಲು ತೊಳೆದು, ಬಾಗಿಲಲ್ಲಿ ನಿಂತಳು. ಅವಳ ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು.

“ಸಂದರ್ಶನ ಮುಗಿದು ಮೂರು ದಿನ ಆಯ್ತಂತೆ. ನನಗೆ ಕಳಿಸಿದ ಕಾಗದ ವಾಪಸು ಬಂದಿದೆ. ಗುಮಾಸ್ತರು ತೋರಿಸಿದ್ರು. ‘ಈ ಹೆಸರಿನವರು ಈ ಮನೆಯಲ್ಲಿಲ್ಲ’ ಅಂತ ಬರೆದಿದೆ, ನಾನು ಹೊರಗಿದ್ದ ಎರಡನೇ ದಿನದ ಮುದ್ರೆ ಇದೆ. ಅಕ್ಷರ ನಿಮ್ಮದು ಮಾವ.”

ಸೀನು ಅಪ್ಪನ ಮುಖ ನೋಡಿದ.

“ಸುಳ್ಳೇನು ಬರೆದಿದೀನಿ?” ಅಂದರು ಶಾಮಣ್ಣನವರು. “ನಮ್ಮನೇಲಿರೋದು ಸೀತಮ್ಮ.”

“ಸೀಟು ಬೇರೆಯವರಿಗೆ ಹೋಯ್ತು. ಇನ್ನು ನಾನು ಅರ್ಜಿ ಹಾಕೋ ಹಾಗೂ ಇಲ್ಲ. ಐದು ವರ್ಷ ಆಗೋಯ್ತು.”

“ಹೋಗ್ಲಿ ಬಿಡು,” ಸೀನು ಅಂದ. “ಹಣೇಲಿ ಬರೀಲಿಲ್ಲ. ಬಾ, ಊಟ ಮಾಡು.”

ವಿಮಲಾ ಗಂಡನ ಕಡೆ ನೋಡಲೇ ಇಲ್ಲ. ಗೌರಮ್ಮನವರ ಕಡೆ ತಿರುಗಿದಳು. “ಅಮ್ಮ, ಪೋಸ್ಟ್‌ಮನ್ ಬಂದಾಗ ನೀವು...”

“ಅವಳನ್ಯಾಕೆ ಕೇಳ್ತೀಯ?” ಶಾಮಣ್ಣನವರು ತಡೆದರು. “ಅವಳಿಗೇನೂ ಗೊತ್ತಿಲ್ಲ, ಪಾಪ. ಅವತ್ತು ಬೆಳಿಗ್ಗೆಯಿಂದ ಹಿತ್ತಲಲ್ಲಿ ಬಟ್ಟೆ ಒಗೀತಿದ್ಲು.”

ಮೂವತ್ತಾರು ವರ್ಷದ ಸಂಸಾರದಲ್ಲಿ ಗಂಡ ತನ್ನನ್ನು ಕಾಪಾಡಲೆಂದು ಆಡಿದ ಮೊದಲ ಮಾತು ಅದು. ಗೌರಮ್ಮನವರಿಗೆ ಅದನ್ನು ತಳ್ಳಿಹಾಕಲು ಧೈರ್ಯ ಬರಲಿಲ್ಲ. ದೇವರಾಣೆ ಇಟ್ಟು ನಿಜ ಹೇಳಿ ಏನು ಸಿಕ್ಕಿತು ಅನ್ನುವುದನ್ನು ಅವರು ಕಂಡಿದ್ದರು.

“ಹೂಂ,” ಅಂದರು. “ಹಿತ್ತಲಲ್ಲಿದ್ದೆ ಕಣೇ. ನನಗೆ ಗೊತ್ತೇ ಆಗಲಿಲ್ಲ.”



“ಹಿತ್ತಲಲ್ಲಿ ಮೂರು ದಿನವೂ ನಾನೇ ಕೂತಿದ್ದೆ,” ಅಂದಳು ವಿಮಲಾ.

ಶಾಮಣ್ಣನವರು ಅನ್ನ ಕಲಸುವುದನ್ನು ನಿಲ್ಲಿಸಿದರು. ವಿಮಲಾ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ, ಹುಳಿಯ ಪಾತ್ರೆ ತಂದಳು. ಮಾವನಿಗೆ ಬಡಿಸಿದಳು, ಗಂಡನಿಗೆ ಬಡಿಸಿದಳು. ಗೌರಮ್ಮನವರ ಎಲೆಯ ಮುಂದೆ ಬಗ್ಗಿದಳು.

“ಇನ್ನೊಂದು ಸೌಟು ಹಾಕಲಾ, ಅತ್ತೆ?”

ಮೂರು ವರ್ಷ ಅಮ್ಮ ಅಂದವಳು ಅತ್ತೆ ಅಂದದ್ದು ಅದೇ ಮೊದಲು.